'ಧಾರಣೆ' ಬಂತು, 'ವಿವರಣೆ' ಬರಲಿಲ್ಲ: ಪದಬಂಧದ ಮನೆ ಲೆಕ್ಕಕ್ಕೆ ಪದ ಹುಡುಕುವುದು ಹೇಗೆ?

ಪ್ರಶ್ನೆ: ಪದಬಂಧ ಬಿಡಿಸುವ ಚಟ ನನಗೆ ಬಹಳ ದಿನದಿಂದ ಇದೆ. ಈಗ ಒಂದೆರಡು ಕಟ್ಟಿಯೂ ನೋಡುತ್ತಿದ್ದೇನೆ. ಮೊನ್ನೆ ನಾಲ್ಕು ಮನೆಯ ಪದವೊಂದು ಬೇಕಿತ್ತು. ಮೂರನೆಯದು 'ರ', ಕೊನೆಯದು 'ಣೆ'. ಕಂಪ್ಯೂಟರಿನಲ್ಲಿ ಒಂದು ಪದಪಟ್ಟಿ ಇತ್ತು, ಸಾಲಿಗೊಂದು ಪದ. ಗೊತ್ತಿಲ್ಲದ ಮನೆಗೆ ಒಂದೊಂದು ಚುಕ್ಕಿ ಇಟ್ಟು '..ರಣೆ' ಅಂತ ಹುಡುಕಿದೆ. ಇಡೀ ಸಾಲು ಹೊಂದಬೇಕು ಅಂತಲೂ ಹೇಳಿದ್ದೆ. 'ಆಚರಣೆ' ಬಂತು. ಜೊತೆಗೆ 'ಧಾರಣೆ'ಯೂ ಬಂತು. ಅದು ಮೂರೇ ಮನೆ ಅಲ್ವಾ? 'ವಿವರಣೆ' ಮಾತ್ರ ಬರಲೇ ಇಲ್ಲ. ಅದು ಪಟ್ಟಿಯಲ್ಲಿ ಇದೆ, ಕಣ್ಣಾರೆ ನೋಡಿದ್ದೇನೆ. ಇಂಗ್ಲಿಷಿನಲ್ಲಿ ಇದೇ ಉಪಾಯ ಸಲೀಸಾಗಿ ನಡೆಯುತ್ತದೆ. ಕನ್ನಡದಲ್ಲಿ ಯಾಕೆ ಕೈಕೊಡುತ್ತದೆ? ಕಂಪ್ಯೂಟರ್ ಇಲ್ಲದೆ ಬರೀ ತಲೆಯಲ್ಲೇ ಹುಡುಕುವುದಕ್ಕೂ ಏನಾದರೂ ದಾರಿ ಇದೆಯೇ?

ಉತ್ತರ: ನಿಮ್ಮ ಪಟ್ಟಿಯಲ್ಲೂ ತಪ್ಪಿಲ್ಲ, ಚುಕ್ಕಿಯಲ್ಲೂ ತಪ್ಪಿಲ್ಲ. ಎಡವಟ್ಟಾಗಿರುವುದು ಎಣಿಕೆಯಲ್ಲಿ. ನೀವು ಎಣಿಸಿದ್ದು ಮನೆಗಳನ್ನು, ಕಂಪ್ಯೂಟರ್ ಎಣಿಸಿದ್ದು ಬಿಡಿ ಚಿಹ್ನೆಗಳನ್ನು.

ಯುನಿಕೋಡ್‌ನಲ್ಲಿ, ಅಂದರೆ ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಪದ್ಧತಿಯಲ್ಲಿ, ನಮ್ಮ ಅಕ್ಷರ ಇಡಿಯಾಗಿ ಕೂತಿರುವುದಿಲ್ಲ. 'ವಿ' ಅಂದರೆ 'ವ' ಒಂದು, ಗುಡಿಸು ಒಂದು. 'ಧಾ' ಅಂದರೆ 'ಧ' ಒಂದು, ಇಳಿ ಒಂದು. 'ಸ್ಮ' ಅಂದರೆ 'ಸ', ವ್ಯಂಜನದ ಸ್ವರ ಕಳೆಯುವ ಚಿಹ್ನೆ, 'ಮ', ಹೀಗೆ ಮೂರು. 'ಸ್ತ್ರೀ' ನಮಗೆ ಒಂದೇ ಮನೆ, ಅದಕ್ಕೆ ಸಾಮಾನ್ಯವಾಗಿ ಆರು. ಚುಕ್ಕಿ ಅಂದರೆ 'ಯಾವುದಾದರೂ ಒಂದು ಬಿಡಿ ಚಿಹ್ನೆ' ಅಂತ ಅರ್ಥ, 'ಒಂದು ಮನೆ' ಅಂತ ಅಲ್ಲ.

ಈಗ ನಿಮ್ಮ ಹುಡುಕಾಟವನ್ನೇ ಮತ್ತೆ ನೋಡೋಣ. 'ರಣೆ' ಮುಂಚೆ ಎರಡು ಚುಕ್ಕಿ. 'ಆಚರಣೆ'ಯಲ್ಲಿ ಆ, ಚ: ಎರಡು, ಸರಿಹೋಯಿತು. 'ಧಾರಣೆ'ಯಲ್ಲಿ ಧ, ಇಳಿ: ಅದೂ ಎರಡು, ಒಳಗೆ ನುಸುಳಿತು. 'ವಿವರಣೆ'ಯಲ್ಲಿ ವ, ಗುಡಿಸು, ವ: ಮೂರು, ಹೊರಗೆ ಉಳಿಯಿತು. ಸರಿ, ಇನ್ನೊಂದು ಚುಕ್ಕಿ ಸೇರಿಸೋಣ ಅಂದರೆ 'ವಿವರಣೆ', 'ವಿತರಣೆ' ಬರುತ್ತವೆ, ಜೊತೆಗೆ ಕರೆಯದೇ ಇದ್ದ 'ಸ್ಮರಣೆ'ಯೂ ಬರುತ್ತದೆ. ನಾಲ್ಕು ಚುಕ್ಕಿ ಇಟ್ಟರೆ 'ವಿಚಾರಣೆ', 'ಸುಧಾರಣೆ', 'ನಿವಾರಣೆ', ಅವುಗಳ ಬೆನ್ನಿಗೆ ಮೂರೇ ಮನೆಯ 'ಪ್ರೇರಣೆ'. 'ಸಂಸ್ಮರಣೆ' ಬೇಕಾದರೆ ಐದು ಚುಕ್ಕಿ. ಒಂದೇ ಅಳತೆಯ ಪದಗಳು ನಾಲ್ಕು ಗುಂಪಿನಲ್ಲಿ ಚೆದುರಿ ಹೋಗಿವೆ. ಚುಕ್ಕಿ ಇಟ್ಟು ಹುಡುಕುವ ಈ ಪದ್ಧತಿ 1970ರ ದಶಕದಲ್ಲಿ ಯುನಿಕ್ಸ್ ಅನ್ನುವ ಕಂಪ್ಯೂಟರ್ ವ್ಯವಸ್ಥೆ ಇದ್ದ ಕಾಲದಿಂದ ಬಂದದ್ದು. ಒಂದು ಅಕ್ಷರಕ್ಕೆ ಒಂದು ಚಿಹ್ನೆ ಅನ್ನುವ ಇಂಗ್ಲಿಷನ್ನು ಎದುರಿಗೆ ಇಟ್ಟುಕೊಂಡು ಹುಟ್ಟಿದ್ದು.

ಪರಿಹಾರ ಸುಲಭ. ಪಟ್ಟಿಯ ಪ್ರತಿ ಪದವನ್ನೂ ಒಂದೇ ಒಂದು ಸಲ ಮನೆಮನೆಯಾಗಿ ಒಡೆದು, ನಡುವೆ ಅಡ್ಡಗೆರೆ ಹಾಕಿ ಇಟ್ಟುಕೊಳ್ಳಿ. ವಿ-ವ-ರ-ಣೆ, ಧಾ-ರ-ಣೆ, ಸ್ಮ-ರ-ಣೆ. ಒಡೆಯುವ ನಿಯಮ ಮೂರೇ ಮಾತಿನದು. ಸ್ವರವೋ ವ್ಯಂಜನವೋ ಬಂದರೆ ಹೊಸ ಮನೆ ಶುರು. ಆದರೆ ಅದರ ಹಿಂದೆಯೇ ಸ್ವರ ಕಳೆಯುವ ಚಿಹ್ನೆ (್) ಇದ್ದರೆ ಅದು ಒತ್ತು, ಹಳೆಯ ಮನೆಯಲ್ಲೇ ಇರಲಿ. ಕಾಗುಣಿತದ ಚಿಹ್ನೆ, ಸೊನ್ನೆ, ವಿಸರ್ಗ ಯಾವತ್ತೂ ಹಿಂದಿನ ಮನೆಯವೇ. ಪ್ರೋಗ್ರಾಂ ಬರೆಯುವ ಅಭ್ಯಾಸ ಇರುವವರಿಗೆ ಇದು ಹತ್ತು ಸಾಲಿನ ಕೆಲಸ. ಇಲ್ಲದವರು ಬರೆಯಬಲ್ಲ ಗೆಳೆಯರೊಬ್ಬರನ್ನು ಹಿಡಿಯಿರಿ, ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತಾರೆ.

ಇದೇ ನಿಯಮದಲ್ಲಿ 'ಬಸ್' ಎರಡು ಮನೆ ಆಗುತ್ತದೆ, ಕೊನೆಯ 'ಸ್' ತನ್ನದೇ ಮನೆಯಲ್ಲಿ ಕೂರುತ್ತದೆ. ನಾನು ಕಂಡ ಹೆಚ್ಚಿನ ಪದಬಂಧಗಳಲ್ಲಿ ಹಾಗೆಯೇ ಹಾಕುತ್ತಾರೆ. 'ಸಾಫ್ಟ್‌ವೇರ್' ಥರದ ಪದದಲ್ಲಿ ಮಾತ್ರ ಎಚ್ಚರ. ಅಲ್ಲಿ 'ಟ್' ಮತ್ತು 'ವೇ' ಒಂದಕ್ಕೊಂದು ಅಂಟದ ಹಾಗೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ. ಅದು ಕಂಡರೆ ಅಲ್ಲಿಗೆ ಮನೆ ಮುರಿಯಿತು ಅಂತ ಲೆಕ್ಕ ಹಾಕಿ. ಸಾ, ಫ್ಟ್, ವೇ, ರ್: ನಾಲ್ಕು. ನಾನಂತೂ ಇಂಥ ಪದಗಳನ್ನು ಪದಬಂಧಕ್ಕೆ ಹಾಕುವುದೇ ಇಲ್ಲ. ಬಿಡಿಸುವವರು ಮನೆ ಎಣಿಸುವುದರಲ್ಲೇ ಸುಸ್ತಾಗುತ್ತಾರೆ.

ಒಡೆದಿಡುವಷ್ಟು ತಾಳ್ಮೆ ಇಲ್ಲ, ಈಗಲೇ ಬೇಕು ಅನ್ನುವವರು ಒಂದು ಚುಕ್ಕಿಯ ಜಾಗದಲ್ಲಿ ಈ ಉದ್ದದ ಸಾಲನ್ನು ಇಡಬಹುದು:

(?:[ಅ-ಔ]|(?:[ಕ-ಹ]್)*[ಕ-ಹ][ಾ-ೌ]?)[ಂಃ]?

ನೋಡುವುದಕ್ಕೆ ಭಯಂಕರ. ಹೇಳುವುದು ಇಷ್ಟೇ: ಒಂದು ಸ್ವರ ಇರಬೇಕು, ಇಲ್ಲವೇ ಒತ್ತುಗಳ ಸಮೇತ ಒಂದು ವ್ಯಂಜನ, ಬೇಕಾದರೆ ಅದಕ್ಕೆ ಒಂದು ಕಾಗುಣಿತದ ಚಿಹ್ನೆ, ಕೊನೆಗೆ ಸೊನ್ನೆಯೋ ವಿಸರ್ಗವೋ ಇದ್ದರೂ ಸರಿ. ಇದನ್ನು ಎರಡು ಸಲ ಬರೆದು ಮುಂದೆ 'ರಣೆ' ಸೇರಿಸಿದರೆ 'ಧಾರಣೆ' ತಾನಾಗಿ ಹೊರಗೆ ಹೋಗುತ್ತದೆ, 'ವಿವರಣೆ' ಒಳಗೆ ಬರುತ್ತದೆ. 'ಬಸ್' ಥರ ಅರ್ಧಾಕ್ಷರದಲ್ಲಿ ಮುಗಿಯುವ ಪದಗಳು ಇದಕ್ಕೆ ಸಿಗುವುದಿಲ್ಲ.

ಇಷ್ಟಾದರೂ ಕೆಲವು ಪದ ತಪ್ಪಿಸಿಕೊಳ್ಳುತ್ತವೆ. ನನಗೆ ಒಂದು ಸಂಜೆ ಪೂರ್ತಿ ಹಾಳಾಗಿದ್ದು 'ಸಂತೋಷ' ಅನ್ನುವ ಪದದಿಂದ! ಪಟ್ಟಿಯಲ್ಲಿ ಇತ್ತು, ಹುಡುಕಿದರೆ ಇಲ್ಲ. ಕಣ್ಣಿಗೆ ಎರಡೂ ಒಂದೇ. ಕೊನೆಗೆ ಒಂದೊಂದೇ ಚಿಹ್ನೆ ಬಿಡಿಸಿ ನೋಡಿದಾಗ ಗೊತ್ತಾಯಿತು, ಪಟ್ಟಿ ಮಾಡಿದವರು 'ಸ' ಪಕ್ಕದಲ್ಲಿ ಅನುಸ್ವಾರದ ಬದಲು ಅಂಕಿಯ ಸೊನ್ನೆ (೦) ಒತ್ತಿದ್ದರು. ಇದೇ ಥರ ಅರ್ಕಾವತ್ತಿನ ಜಾಗದಲ್ಲಿ ಕನ್ನಡದ ಒಂಬತ್ತು (೯) ಕೂತಿರುವುದೂ ಉಂಟು. 'ಸೂರ್ಯ' ಬರೆಯಲು 'ಸೂಯ' ಒತ್ತಿ ಪಕ್ಕದಲ್ಲಿ ೯ ಇಟ್ಟುಬಿಟ್ಟರೆ ಕಾಗದದ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ, ಹುಡುಕುವಾಗ ಮಾತ್ರ ಗುಟ್ಟು ರಟ್ಟಾಗುತ್ತದೆ. ಹಾಗಾಗಿ ಪಟ್ಟಿ ಕೈಗೆ ಬಂದ ಕೂಡಲೇ ಮೊದಲು ಅದರಲ್ಲಿ ಅಂಕಿಗಳನ್ನು ಹುಡುಕಿ. ಪದಪಟ್ಟಿಯಲ್ಲಿ ಅಂಕಿಗೆ ಕೆಲಸವೇ ಇಲ್ಲ. ಇದ್ದರೆ ಅದು ಇಂಥದ್ದೇ ಏನೋ.

ಇನ್ನೊಂದು ಸೂಕ್ಷ್ಮ ಇದೆ. 'ತೋ' ಅನ್ನುವಲ್ಲಿ 'ತ' ನಂತರದ ಓತ್ವ ಮತ್ತು ದೀರ್ಘವನ್ನು ಒಂದೇ ಚಿಹ್ನೆಯಾಗಿಯೂ ಇಡಬಹುದು, ಬಿಡಿ ತುಂಡುಗಳಾಗಿಯೂ ಇಡಬಹುದು. ಯುನಿಕೋಡ್ ಎರಡನ್ನೂ ಒಪ್ಪುತ್ತದೆ. ಎರಡೂ ಒಂದೇ ಅಂತ ತಿಳಿದುಕೊಳ್ಳುವ ಬುದ್ಧಿ ಎಲ್ಲ ಹುಡುಕು ಸಾಧನಗಳಿಗೂ ಇರುವುದಿಲ್ಲ. ಎರಡನ್ನೂ ಒಂದೇ ರೂಪಕ್ಕೆ ತರುವ ಯುನಿಕೋಡ್ ನಾರ್ಮಲೈಸೇಷನ್ ಅಂತ ಒಂದು ಕ್ರಿಯೆ ಇದೆ, ಪಟ್ಟಿಯನ್ನು ಒಮ್ಮೆ ಅದರಿಂದ ಹಾಯಿಸಿ. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತವಾದರೆ ಅದು ಯುನಿಕೋಡೇ ಅಲ್ಲದಿರಬಹುದು. ಅದನ್ನು ಮೊದಲು ಪರಿವರ್ತಿಸದೆ ಏನೂ ಸಿಗುವುದಿಲ್ಲ.

ಕಂಪ್ಯೂಟರಿನ ಮಾತು ಸಾಕು. ನಿಮ್ಮ ಎರಡನೇ ಪ್ರಶ್ನೆಯೇ ನನಗೆ ಜಾಸ್ತಿ ಇಷ್ಟ.

ತಲೆಯಲ್ಲಿ ಹುಡುಕುವವರು ಸಾಮಾನ್ಯವಾಗಿ ಖಾಲಿ ಮನೆಯನ್ನು ದಿಟ್ಟಿಸುತ್ತಾ ಕೂರುತ್ತಾರೆ. ನೋಡಬೇಕಾದ್ದು ತುಂಬಿದ ಮನೆಯನ್ನು. ಇಂಗ್ಲಿಷಿನಲ್ಲಿ ಒಂದು ಮನೆ ತುಂಬಿದರೆ 26ರಲ್ಲಿ ಒಂದು ಗೊತ್ತಾದ ಹಾಗೆ. ಕನ್ನಡದಲ್ಲಿ 34 ವ್ಯಂಜನ, ಒಂದೊಂದಕ್ಕೂ ಸೊನ್ನೆ-ವಿಸರ್ಗ ಸೇರಿ ಕಾಗುಣಿತದ 15 ರೂಪ. ಅಲ್ಲಿಗೇ 510 ಆಯಿತು, ಒತ್ತಕ್ಷರ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಅಂದರೆ ನಮ್ಮ ಒಂದು ಮನೆ ತುಂಬಿದರೆ ಅವರ ಎರಡು ಮನೆ ತುಂಬಿದಷ್ಟು ಸುದ್ದಿ ಅದರಲ್ಲಿದೆ. ವ್ಯಂಜನ ಯಾವುದು, ಸ್ವರ ಯಾವುದು, ಒತ್ತು ಇದೆಯೇ, ಇದ್ದರೆ ಯಾವ ಜಾತಿಯದು. ಇವೆಲ್ಲ ಸೇರಿ ಆ ಪದ ಎಲ್ಲಿಂದ ಬಂದಿರಬೇಕು ಅನ್ನುವುದನ್ನು ಹೇಳುತ್ತವೆ. ಎಲ್ಲಿಂದ ಬಂತು ಅಂತ ತಿಳಿದರೆ ಉಳಿದ ಮನೆ ತುಂಬುವುದು ಅರ್ಧ ಸುಲಭ.

ನಿಮ್ಮ 'ಣೆ'ಯನ್ನೇ ತೆಗೆದುಕೊಳ್ಳಿ. ಸಂಸ್ಕೃತದಿಂದ ಬಂದ ಹೆಸರುಪದಗಳಲ್ಲಿ ಕೊನೆಗೆ 'ನೆ' ಬರುವುದು ಸಾಮಾನ್ಯ: ಯೋಚನೆ, ಸಾಧನೆ, ಭಾವನೆ. ಆದರೆ ಅದರ ಮುಂಚೆ 'ರ' ಅಥವಾ 'ಷ' ಬಂದರೆ 'ನ' ಹೋಗಿ 'ಣ' ಆಗುತ್ತದೆ. ಪ್ರೇರಣೆ, ಧಾರಣೆ, ಘೋಷಣೆ, ಶೋಷಣೆ, ಪೋಷಣೆ. 'ರಕ್ಷಣೆ'ಯಲ್ಲೂ 'ಕ್ಷ' ಒಳಗೆ 'ಷ' ಅಡಗಿದೆ. ಆದ್ದರಿಂದ ಕೊನೆಯ ಮನೆಯಲ್ಲಿ 'ಣೆ' ಇದ್ದು ಅದರ ಹಿಂದಿನದು ಖಾಲಿ ಇದ್ದರೆ, ಮೊದಲು 'ರ' ಹಾಕಿ ನೋಡಿ, ಆಮೇಲೆ 'ಷ', ಆಮೇಲೆ 'ಕ್ಷ'. ಒಮ್ಮೊಮ್ಮೆ 'ರ' ಇನ್ನೂ ಸ್ವಲ್ಪ ಹಿಂದೆ ನಿಂತು ಕೆಲಸ ಮಾಡುತ್ತದೆ, 'ನಿರ್ವಹಣೆ'ಯಲ್ಲಿ ಇರುವ ಹಾಗೆ. ಇದ್ಯಾವುದೂ ಹೊಂದದಿದ್ದರೆ ಇನ್ನೊಂದು ಗುಂಪು ಇದೆ: ಚುನಾವಣೆ, ಬದಲಾವಣೆ, ಚಲಾವಣೆ, ವರ್ಗಾವಣೆ. ಅಲ್ಲಿ 'ಣೆ' ಹಿಂದೆ 'ವ', ಅದರ ಹಿಂದೆ ದೀರ್ಘ ಸ್ವರ. ಎರಡು-ಮೂರು ಮನೆಯ ಚಿಕ್ಕ ಪದವಾದರೆ ನಮ್ಮದೇ ಹಣೆ, ಮಣೆ, ಹೊಣೆ, ಕವಣೆ. ಒಂದೇ ಒಂದು ಮನೆ ತುಂಬಿತ್ತು, ಆಗಲೇ ಎಷ್ಟು ಕಡೆ ಹುಡುಕಬೇಕು ಅನ್ನುವುದು ಗೊತ್ತಾಯಿತು ನೋಡಿ.

ಇದೇ ಥರ ಮೊದಲ ಮನೆಯೂ ಮಾತಾಡುತ್ತದೆ. ನಿತ್ಯ ಬಳಸುವ ಕನ್ನಡದಲ್ಲಿ 'ಣ', 'ಳ', 'ಙ', 'ಞ' ಇವುಗಳಿಂದ ಪದ ಶುರುವಾಗುವುದಿಲ್ಲ. ಮೊದಲ ಮನೆಯಲ್ಲೇ ಒತ್ತು ಇದ್ದರೆ, ಪ್ರ, ಸ್ವ, ಕ್ಷ ಹೀಗೆ, ಅದು ಸಂಸ್ಕೃತದ ಪದ, ಇಲ್ಲವೇ ಇಂಗ್ಲಿಷಿನಿಂದ ಬಂದದ್ದು. ಅಚ್ಚಗನ್ನಡ ಪದ ಒತ್ತಿನಿಂದ ಶುರುವಾಗುವುದಿಲ್ಲ. ಖ, ಘ, ಧ, ಭ ಥರದ ಮಹಾಪ್ರಾಣ ಎಲ್ಲಿ ಕಂಡರೂ ಹೆಚ್ಚಾಗಿ ಅದೂ ಹೊರಗಿನದೇ. 'ಷ', 'ಋ' ಕೂಡ ಹಾಗೇ. 'ವ'ದಿಂದ ಶುರುವಾಗುವ ಪದಗಳಲ್ಲಿ ಬಹುಪಾಲು ಸಂಸ್ಕೃತದವು, ಯಾಕೆಂದರೆ ಕನ್ನಡದಲ್ಲಿ ಪದದ ಮೊದಲಿನ 'ವ' ಯಾವತ್ತೋ 'ಬ' ಆಗಿಬಿಟ್ಟಿದೆ. ಹಾಗೆಯೇ 'ಪ' ಕೂಡ 'ಹ' ಆಗಿದೆ. ಹಳಗನ್ನಡದ ಪಾಲ್, ಪುಲಿ, ಪೂ ಈಗ ಹಾಲು, ಹುಲಿ, ಹೂ. ಆದ್ದರಿಂದ ಮೊದಲ ಮನೆ 'ಹ' ಆದರೆ ಅಚ್ಚಗನ್ನಡ ಪದ ಹುಡುಕಿ, 'ಪ' ಆದರೆ ಸಂಸ್ಕೃತದ ಕಡೆ ಮೊದಲು ತಿರುಗಿ. 'ರ' ಮತ್ತು 'ಲ' ಕೂಡ ಪದದ ಆರಂಭದಲ್ಲಿ ಸಾಮಾನ್ಯವಾಗಿ ಹೊರಗಿನವು: ರಸ, ರಾಜ, ಲೋಕ, ಲಾಭ. 'ರೆಕ್ಕೆ' ಥರ ಒಂದೆರಡು ಅಪವಾದ ಇವೆ, ಅವು ಯಾವತ್ತೂ ಇರುತ್ತವೆ.

ಒತ್ತಿನ ಜಾತಿಯೂ ಸುಳಿವೇ. ಅಕ್ಕ, ಬೆಟ್ಟ, ಹಳ್ಳ, ಕಟ್ಟೆ: ಅದೇ ವ್ಯಂಜನಕ್ಕೆ ಅದೇ ಒತ್ತು ಇದ್ದರೆ ಹೆಚ್ಚಾಗಿ ನಮ್ಮ ಪದ. ಚಕ್ರ, ಪುತ್ರ, ಕಾವ್ಯ: ಬೇರೆ ಒತ್ತು ಇದ್ದರೆ ಹೆಚ್ಚಾಗಿ ಸಂಸ್ಕೃತ.

ಒಂದು ಸ್ವಾರಸ್ಯ ಹೇಳಲೇಬೇಕು. ಅಕ್ಷರದ ಮಾದರಿ ನೋಡಿ ಪದ ಹುಡುಕುವ ತಲೆನೋವು ಪದಬಂಧದ ಜೊತೆ ಹುಟ್ಟಿದ್ದಲ್ಲ. ಪದಬಂಧ ಮೊದಲು ಅಚ್ಚಾಗಿದ್ದು 1913ರ ಡಿಸೆಂಬರ್ 21ರಂದು, ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ. ಆರ್ಥರ್ ವಿನ್ ಎಂಬಾತ ಕಟ್ಟಿದ್ದ. ಅದಕ್ಕೂ ನೂರಾರು ವರ್ಷ ಮುಂಚೆ ಹಳಗನ್ನಡದ ಕವಿಗಳು ಇದೇ ಕೆಲಸ ಮಾಡುತ್ತಿದ್ದರು. ಅವರ ಪದ್ಯದಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕಿತ್ತು. ಸ್ವರ ಬೇರೆಯಾದರೆ ಪರವಾಗಿಲ್ಲ, ವ್ಯಂಜನ ಬದಲಾಗಬಾರದು. ಅಂದರೆ 'ಮೊದಲ ಮನೆ ಏನಾದರೂ ಆಗಲಿ, ಎರಡನೆಯದು ಇದೇ' ಅನ್ನುವ ಹುಡುಕಾಟ! ಆ ಪ್ರಾಸವನ್ನು ಅವರು ಆರು ಬಗೆ ಮಾಡಿ ಪ್ರಾಣಿಗಳ ಹೆಸರಿಟ್ಟರು. ಎರಡನೇ ಅಕ್ಷರದ ಮುಂಚೆ ಹ್ರಸ್ವ ಇದ್ದರೆ ಸಿಂಹ, ದೀರ್ಘ ಇದ್ದರೆ ಗಜ, ಸೊನ್ನೆ ಇದ್ದರೆ ವೃಷಭ, ವಿಸರ್ಗ ಇದ್ದರೆ ಅಜ. ಎರಡನೇ ಅಕ್ಷರವೇ ಬೇರೆ ವ್ಯಂಜನದ ಒತ್ತಕ್ಷರವಾದರೆ ಶರಭ, ಅದೇ ವ್ಯಂಜನದ ಒತ್ತಾದರೆ ಹಯ. ಮರ, ತೀರ, ಕಂಬ, ದುಃಖ, ಚಕ್ರ, ಬೆಟ್ಟ. ಆರಕ್ಕೆ ಆರು, ಎಲ್ಲವೂ ಎರಡೇ ಮನೆಯವು.

ಇದನ್ನು ಸುಮ್ನೆ ಹೇಳಲಿಲ್ಲ. ಎರಡು ಮನೆಯ ಪದ ಹೊಳೆಯದೇ ಹೋದಾಗ ನಾನು ಈ ಆರು ಅಚ್ಚಿನಲ್ಲಿ ಒಂದೊಂದಾಗಿ ಸುರಿದು ನೋಡುತ್ತೇನೆ. ಕೊನೆಯದು 'ಬ' ಅಂತಿಟ್ಟುಕೊಳ್ಳಿ. ಹ್ರಸ್ವದಲ್ಲಿ ಹೆಚ್ಚೇನೂ ಸಿಗುವುದಿಲ್ಲ. ಸೊನ್ನೆ ಇಟ್ಟ ಕೂಡಲೇ ಕಂಬ, ಬಿಂಬ ಬರುತ್ತವೆ. 'ರಂಭ' ಅಲ್ಲ, ಅದು 'ಭ', ತಪ್ಪಬೇಡಿ. ಒತ್ತು ಕೊಟ್ಟರೆ ಹಬ್ಬ, ಒಬ್ಬ, ದಿಬ್ಬ, ಕಬ್ಬ. ಆದರೆ ಇಲ್ಲಿ ಮನೆ 'ಬ್ಬ' ಆಯಿತು, 'ಬ' ಅಲ್ಲ. ಕವಿಗೆ ಸಿಗುವ ಸಡಿಲಿಕೆ ಪದಬಂಧದವರಿಗೆ ಸಿಗುವುದಿಲ್ಲ.

ಇನ್ನು ಬಾಲಗಳ ವಿಷಯ. ಕೊನೆಯ ಮನೆ ಗೊತ್ತಿರುವಾಗ ಪದವನ್ನೇ ಹುಡುಕಬೇಡಿ, ಅದು ಹುಟ್ಟಿದ ಕ್ರಿಯಾಪದವನ್ನು ಹುಡುಕಿ. ಮೂರು ಮನೆ, ಎರಡನೆಯದು 'ಡಿ', ಮೂರನೆಯದು 'ತ' ಅಂತ ಒಮ್ಮೆ ನನಗೆ ಬಂದಿತ್ತು. ಸುಳಿವು 'ಹೃದಯದ ಸದ್ದು'. 'ತ' ತೆಗೆದುಹಾಕಿ. ಉಳಿದದ್ದು ಎರಡು ಮನೆಯ ಕ್ರಿಯಾಪದ, ಕೊನೆಗೆ 'ಡಿ'. ಈಗ ಬಾಯಲ್ಲಿ ತಾನಾಗಿ ಬರುತ್ತವೆ: ಕಡಿ, ಕುಡಿ, ತುಡಿ, ದುಡಿ, ಬಡಿ, ಮಿಡಿ, ಹಿಡಿ. ಮತ್ತೆ 'ತ' ಅಂಟಿಸಿ: ಕಡಿತ, ಕುಡಿತ, ತುಡಿತ, ದುಡಿತ, ಬಡಿತ, ಮಿಡಿತ, ಹಿಡಿತ. ಏಳು ಪದ, ಒಂದು ನಿಘಂಟೂ ತೆರೆಯದೆ. ಸುಳಿವಿಗೆ ಬಡಿತವೂ ಆಗುತ್ತದೆ, ಮಿಡಿತವೂ ಆಗುತ್ತದೆ. ಅದನ್ನು ತೀರ್ಮಾನ ಮಾಡುವುದು ಮೊದಲ ಮನೆಗೆ ಅಡ್ಡ ಬರುವ ಪದ. ಓಟ, ನೋಟ, ಕೂಟದ 'ಟ', ನೆನಪು, ಹೊಳಪಿನ 'ಪು', ನಂಬಿಕೆ, ಹೆದರಿಕೆಯ 'ಕೆ', ಇವಕ್ಕೂ ಇದೇ ಉಪಾಯ.

ಉದ್ದದ ಪದಗಳಲ್ಲಿ ನಡುವಿನ 'ಗ', 'ದ', 'ಬ' ನೋಡಿದರೆ ಸ್ವಲ್ಪ ಅನುಮಾನ ಪಡಿ. ಅದು ನಿಜವಾಗಿ 'ಕ', 'ತ', 'ಪ' ಇರಬಹುದು. ಶಾಲೆಯಲ್ಲಿ ಉರು ಹೊಡೆದ ಆದೇಶ ಸಂಧಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಾಲ್ಕು ಮನೆಯಲ್ಲಿ ಕೊನೆಗೆ 'ಗಾ', 'ಲ' ಇದೆ ಅಂದುಕೊಳ್ಳಿ. 'ಗಾಲ' ಅಂತ ನಿಘಂಟಿನಲ್ಲಿ ಹುಡುಕಿದರೆ ದಾರಿ ತಪ್ಪುತ್ತೀರಿ. 'ಕಾಲ' ಅಂದುಕೊಂಡರೆ ಮಳೆಗಾಲ, ಚಳಿಗಾಲ, ಬರಗಾಲ, ಕೊನೆಗಾಲ ಸಾಲಾಗಿ ಬರುತ್ತವೆ. ಹಳಗನ್ನಡ, ಹುಲ್ಲುಗಾವಲು, ಬೆಟ್ಟದಾವರೆ, ಕಂಬನಿ ಎಲ್ಲ ಇದೇ ಮನೆತನ. ನನಗೆ ತಿಳಿದಂತೆ ಹೊಸದಾಗಿ ಪದಬಂಧ ಬಿಡಿಸುವವರು ಅತಿ ಹೆಚ್ಚು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ಮನೆ ಒಂದು ಜಾಸ್ತಿ ಆಯಿತು, ಒಂದು ಕಡಿಮೆ ಆಯಿತು ಅನ್ನುವ ತಾಪತ್ರಯಕ್ಕೆ ತದ್ಭವ ಒಳ್ಳೆಯ ಮದ್ದು. 'ಚಂದ್ರ' ಎರಡು ಮನೆ, 'ಚಂದಿರ' ಮೂರು. 'ವರ್ಷ' ಎರಡು, 'ವರುಷ' ಮೂರು. 'ಶ್ರೀ' ಒಂದೇ ಮನೆ, 'ಸಿರಿ' ಎರಡು. 'ಲಕ್ಷ್ಮಿ' ಎರಡು, 'ಲಕುಮಿ' ಮೂರು. ಒತ್ತು ಬಿಚ್ಚಿದಾಗ ಮನೆ ಒಂದು ಹೆಚ್ಚುತ್ತದೆ, ಅದೇ ಗುಟ್ಟು. ಉದ್ದ ಬದಲಾಗದೆ ಅಕ್ಷರ ಮಾತ್ರ ಬದಲಾಗುವ ಜೋಡಿಗಳೂ ಇವೆ: ಪಕ್ಷಿ-ಹಕ್ಕಿ, ರತ್ನ-ರನ್ನ, ಪ್ರಯಾಣ-ಪಯಣ, ಆಶ್ಚರ್ಯ-ಅಚ್ಚರಿ. ಸುಳಿವಿನ ಅರ್ಥ ಗೊತ್ತಿದೆ, ಪದವೂ ಗೊತ್ತಿದೆ, ಅಡ್ಡ ಬಂದ ಅಕ್ಷರಕ್ಕೆ ಮಾತ್ರ ಹೊಂದುತ್ತಿಲ್ಲ ಅಂದಾಗ ಮೊದಲು ಈ ಜೋಡಿಯನ್ನು ನೆನಪಿಸಿಕೊಳ್ಳಿ. 'ಕಥೆ'ಯೋ 'ಕತೆ'ಯೋ, 'ಗೌಡ'ನೋ 'ಗವುಡ'ನೋ ಅನ್ನುವ ಬರವಣಿಗೆಯ ವ್ಯತ್ಯಾಸವೂ ಇದೇ ಥರ ಕಾಡುತ್ತದೆ. ಆಡುಮಾತಿನ 'ಬಾಗ್ಲು', 'ಕುದ್ರೆ' ಮಾತ್ರ ಪದಬಂಧದಲ್ಲಿ ನಡೆಯುವುದಿಲ್ಲ.

ಕ್ರಿಯಾಪದದ ಭೂತಕಾಲ ಇನ್ನೊಂದು ಬಲೆ. ನಿಘಂಟಿನಲ್ಲೂ ಪದಪಟ್ಟಿಯಲ್ಲೂ 'ಅಳು', 'ಸಾಯು', 'ಕೀಳು', 'ಹೊರು' ಇರುತ್ತವೆ. ಪದಬಂಧದಲ್ಲಿ 'ಅತ್ತ', 'ಸತ್ತ', 'ಕಿತ್ತ', 'ಹೊತ್ತ' ಬರುತ್ತವೆ. ಕಂಪ್ಯೂಟರ್ ಎಷ್ಟು ಹುಡುಕಿದರೂ ಇವು ಸಿಗದಿರಬಹುದು. ಕೊನೆಯ ಮನೆ 'ತ್ತ' ಆದರೆ, ಇಲ್ಲವೇ 'ಬಂದ' ಥರ ಸೊನ್ನೆಯ ಬೆನ್ನಿಗೆ 'ದ' ಕಂಡರೆ ಪಟ್ಟಿಯನ್ನು ಬಿಟ್ಟು ನಿಮ್ಮ ನಾಲಿಗೆಯನ್ನೇ ನಂಬಿ.

ನಿಘಂಟು ಯಾವುದು ಅಂತ ಕೇಳುವವರಿದ್ದಾರೆ. ಕಿಟೆಲ್ ನಿಘಂಟು 1894ರದ್ದು. ಅದರಲ್ಲಿ ಸುಮಾರು 70,000 ಪದಗಳಿವೆ. ಹಳೆಯ ಪದಗಳಿಗೆ ಇವತ್ತಿಗೂ ಒಳ್ಳೆಯದು. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ಇನ್ನೂ ದೊಡ್ಡದು, ಮೇಜಿನ ಮೇಲೆ ಇಟ್ಟುಕೊಂಡು ಪದಬಂಧ ಬಿಡಿಸುವ ವಸ್ತು ಅಲ್ಲ. ಕಂಪ್ಯೂಟರಿನಲ್ಲಿ ಹುಡುಕಲು ಅಂತರ್ಜಾಲದ 'ಅಲರ್' ನಿಘಂಟು ಅನುಕೂಲ. ಅದರ ಪದಸಂಗ್ರಹ ಮುಕ್ತವಾಗಿ ಸಿಗುವುದರಿಂದ ಇಳಿಸಿಕೊಂಡು, ಮೇಲೆ ಹೇಳಿದ ಹಾಗೆ ಮನೆಮನೆಯಾಗಿ ಒಡೆಯಬಹುದು. ಒಡೆದ ಮೇಲೆ ಇನ್ನೆರಡು ಕೆಲಸ ಮಾಡಿ. ಪದವನ್ನು ಹಿಂದುಮುಂದಾಗಿ ತಿರುಗಿಸಿ, ಣೆ-ರ-ವ-ವಿ ಹೀಗೆ, ಅಕಾರಾದಿಯಲ್ಲಿ ಜೋಡಿಸಿದ ಇನ್ನೊಂದು ಪಟ್ಟಿ ಇಟ್ಟುಕೊಳ್ಳಿ. ಅಚ್ಚಾದ ನಿಘಂಟು ಮೊದಲ ಅಕ್ಷರ ಗೊತ್ತಿದ್ದವರಿಗೆ ಮಾತ್ರ ಬಾಗಿಲು ತೆರೆಯುತ್ತದೆ, ಈ ಪಟ್ಟಿ ಹಿಂಬಾಗಿಲು. ಇನ್ನೊಂದರಲ್ಲಿ ಕಾಗುಣಿತ ಎಲ್ಲ ತೆಗೆದು ಬರೀ ವ್ಯಂಜನ ಉಳಿಸಿ: ವ-ವ-ರ-ಣ. ಪ್ರಾಸ ಹುಡುಕುವವರಿಗೆ ಇದು ಬೇಕು. ಐದಕ್ಷರದ ಪದ ಊಹಿಸುವ ಆಟದ ಕನ್ನಡ ರೂಪ ಮಾಡಲು ಹೊರಟವರಿಗೂ ಬೇಕು, ಯಾಕೆಂದರೆ 'ವ್ಯಂಜನ ಸರಿ, ಕಾಗುಣಿತ ತಪ್ಪು' ಅಂತ ಹೇಳುವ ಸುಳಿವು ಅಲ್ಲಿ ಬೇಕಾಗುತ್ತದೆ.

ಇಂಥ ಪಟ್ಟಿ ಬಳಸುವುದು ಮೋಸ ಅಲ್ವಾ ಅಂತ ಕೆಲವರು ಮುಖ ಸಿಂಡರಿಸುತ್ತಾರೆ. ಬಿಡಿಸುವಾಗ ಆದರೆ ನಿಮ್ಮಿಷ್ಟ, ನಾನು ಕೊನೆಯ ಒಂದೆರಡು ಪದಕ್ಕೆ ಬಳಸುತ್ತೇನೆ. ಕಟ್ಟುವಾಗ ಆದರೆ ಅದು ಅಡುಗೆಮನೆಯ ಪಾತ್ರೆ ಇದ್ದ ಹಾಗೆ, ಇಲ್ಲದೆ ಆಗುವುದಿಲ್ಲ.

ಕಟ್ಟುವ ಮಾತು ಬಂದಿದ್ದರಿಂದ ನಿಮ್ಮ ಚೌಕಕ್ಕೇ ಮರಳುತ್ತೇನೆ. ಸಿಕ್ಕ ಪದಗಳಲ್ಲಿ ಯಾವುದನ್ನು ಹಾಕಬೇಕು? ಅಡ್ಡ ಪದ ಎಲ್ಲಿ ಸುಲಭವಾಗಿ ಸಿಗುತ್ತದೆಯೋ ಅದನ್ನು. ತಲಕಟ್ಟಿನ ಬರೀ ಅಕ್ಷರಕ್ಕೆ ಬೇಕಾದಷ್ಟು ಪದ ಇವೆ. ಒತ್ತು, ದೀರ್ಘ ಸೇರಿದಂತೆಲ್ಲ ಕಷ್ಟ. 'ಸ್ತ್ರೀ' ಅಡ್ಡ ಬಿದ್ದರೆ 'ಶಾಸ್ತ್ರೀಯ' ಬಿಟ್ಟು ನನಗೆ ಬೇಗ ಇನ್ನೊಂದು ಹೊಳೆಯುವುದಿಲ್ಲ. ಆ ಲೆಕ್ಕದಲ್ಲಿ 'ಸಂಸ್ಮರಣೆ' ಬೇಡ, 'ಸ್ಮ'ಗೆ ಜೊತೆ ಹುಡುಕುತ್ತಾ ರಾತ್ರಿಯಾಗುತ್ತದೆ. 'ಸುಧಾರಣೆ'ಯ 'ಧಾ' ಪರವಾಗಿಲ್ಲ, ಆಧಾರ, ಪ್ರಧಾನ ಇವೆ. ನನ್ನನ್ನು ಕೇಳಿದರೆ 'ವಿತರಣೆ' ಹಾಕಿ. ವಿ, ತ, ರ ಮೂರೂ ಸಾಧು ಅಕ್ಷರಗಳು, ಎಲ್ಲಿ ಬೇಕಾದರೂ ಹೊಂದಿಕೊಳ್ಳುತ್ತವೆ. 'ಣೆ' ಒಂದೇ ಹಠಮಾರಿ. ಅದರಿಂದ ಯಾವ ಪದವೂ ಶುರುವಾಗುವುದಿಲ್ಲ ಅಂತ ಆಗಲೇ ಹೇಳಿದೆ. ಹಾಗಾಗಿ ಮೇಲಿಂದ ಕೆಳಕ್ಕೆ ಬರುವ ಪದದ ಕೊನೆಯ ಮನೆ ಅಲ್ಲಿಗೆ ಬೀಳುವಂತೆ ಜಾಗ ಬಿಡಿ. ಮೇಲೆ ಒಂದೇ ಮನೆ ಉಳಿದಿದ್ದರೆ 'ಹೊಣೆ', ಎರಡು ಉಳಿದಿದ್ದರೆ 'ಬವಣೆ'. ಕೆಳಗೂ ಎರಡು ಮನೆ ಖಾಲಿ ಇದ್ದರೆ 'ಹೊಣೆ'ಯನ್ನೇ ಎಳೆದು 'ಹೊಣೆಗಾರ' ಮಾಡಿ.